ನಾಲ್ಕು ಮಗ್ಗದಮ್ಮನ ಸುಸ್ತು

ಗಿರಣಿಯಲ್ಲಿ ಅವಳಿಗೆ ನಾಲ್ಕು ಮಗ್ಗದಮ್ಮ ಎಂದೇ ಹೆಸರು. ಉಳಿದವರು ಎರಡು ಮಗ್ಗ ನೋಡಿಕೊಳ್ಳುವಷ್ಟರಲ್ಲೇ ಹೈರಾಣಾಗುತ್ತಿದ್ದರೆ ಇವಳು ನಾಲ್ಕನ್ನು ಒಬ್ಬಳೇ ಸಂಭಾಳಿಸಿ, ಪಕ್ಕದವಳ ಮಗ್ಗದಲ್ಲಿ ಕಡಿದ ಎಳೆಯನ್ನೂ ಗಂಟು ಹಾಕಿ ಬರುತ್ತಿದ್ದಳು. ಇಡೀ ದಿನ ನಿಂತೇ ಕೆಲಸ. ಲಾಳಿ ಅತ್ತಿಂದಿತ್ತ ಹಾರುವ ಸದ್ದಿಗೆ ಗೋಡೆಯೇ ನಡುಗುವ ಶೆಡ್ಡು, ಮೂಗಿನೊಳಗೆಲ್ಲ ಹತ್ತಿಯ ನಾರು. ಅಲ್ಲಿಂದ ಮನೆಗೆ ಬಂದು ಬಟ್ಟೆ ಒಗೆದು, ಅಡುಗೆ ಮಾಡಿ, ಅತ್ತೆಯ ಜೊತೆ ಒಂದು ಸುತ್ತು ಜಗಳವನ್ನೂ ಮುಗಿಸಿ, ಇನ್ನೇನಾದರೂ ಕೆಲಸ ಉಳಿದಿದೆಯಾ ಎಂದು ತೋಳೇರಿಸಿ ನಿಲ್ಲುವ ಹೆಂಗಸು. ಸುಸ್ತು ಅಂದರೆ ಗೊತ್ತೇ ಎಂದು ಯಾರಾದರೂ ಕೇಳಿದ್ದರೆ, ಅದು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ತಿರುಗಿ ಕೇಳುವ ಪೈಕಿ.

ಅಂಥವಳಿಗೆ ಕುರ್ಚಿ ಸಿಕ್ಕಿತು, ಸುಸ್ತು ಶುರುವಾಯಿತು.

ಕುರ್ಚಿ ಸಿಕ್ಕಿದ್ದು ಬಟ್ಟೆ ತಪಾಸಣೆಯ ಕೋಣೆಯಲ್ಲಿ. ನೇಯ್ದ ಬಟ್ಟೆ ಅಲ್ಲಿ ದೀಪ ಹಾಕಿದ ಗಾಜಿನ ಮೇಜಿನ ಮೇಲೆ ನಿಧಾನವಾಗಿ ಜಾರಿಹೋಗುತ್ತದೆ; ಎಳೆ ತಪ್ಪಿದ ಕಡೆ ಸೀಮೆಸುಣ್ಣದ ಗುರುತು ಹಾಕಬೇಕು. ಆ ಕೆಲಸ ಮಾಡುವವರ ಮೇಲೆ ಇವಳು ಮೇಲ್ವಿಚಾರಕಿ. ಶೆಡ್ಡಿನಿಂದ ಹೋಗಿ ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ಇವಳೇ ಆದ್ದರಿಂದ ಶೆಡ್ಡಿನವರಿಗೆಲ್ಲ ಹೆಮ್ಮೆ, ಒಂದಿಬ್ಬರಿಗೆ ಹೊಟ್ಟೆಕಿಚ್ಚು. ಕೋಣೆ ತಣ್ಣಗಿದೆ, ನಿಶ್ಶಬ್ದವಾಗಿದೆ, ಕುರ್ಚಿಗೆ ಮೆತ್ತೆ ಬೇರೆ ಇದೆ. ಇಷ್ಟೆಲ್ಲ ಸುಖ ಇದ್ದೂ ಮಧ್ಯಾಹ್ನದ ಊಟದ ಹೊತ್ತಿಗೆ ಅವಳ ತಲೆ ಭಾರವಾಗಿ ಕುತ್ತಿಗೆ ಸೆಟೆದುಕೊಳ್ಳುತ್ತಿತ್ತು. ಸಂಜೆ ಮನೆಗೆ ಬಂದರೆ ಚಪ್ಪಲಿ ಬಿಡುವುದಕ್ಕೂ ಕೈಲಾಗದು. ತಲೆ ದಿಂಬಿಗಿಟ್ಟದ್ದೇ ತಡ ನಿದ್ದೆ; ಎಂಟು ಗಂಟೆ, ಒಂಬತ್ತು ಗಂಟೆ, ಕುಂಭಕರ್ಣನ ತಂಗಿಯ ಹಾಗೆ. ಬೆಳಿಗ್ಗೆ ಎದ್ದರೆ ಚೆನ್ನಾಗೇ ಇರುತ್ತಿದ್ದಳು. ಕೋಣೆಗೆ ಹೋಗಿ ಒಂದೆರಡು ಗಂಟೆಯಾಗುವಷ್ಟರಲ್ಲಿ ಮತ್ತೆ ಅದೇ ರಾಗ, ಅದೇ ಹಾಡು.

ಅವಳಿಗೆ ಕುರ್ಚಿಯ ಮೇಲೆ ಅಂಥಾ ಆಸೆಯೇನೂ ಇರಲಿಲ್ಲ. ಕಳೆದುಕೊಳ್ಳಬಾರದು ಎಂದು ಅವಳು ಜೀವ ಇಟ್ಟುಕೊಂಡಿದ್ದದ್ದು ಬೇರೊಂದರ ಮೇಲೆ. ರಾತ್ರಿಯೂಟಕ್ಕೆ ಮೊದಲು, ಬೆಳಕು ಆರುವ ಹೊತ್ತಿನಲ್ಲಿ, ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಗಂಡನ ಜೊತೆ ಕೂತು ಮಾತಾಡುವ ಒಂದಿಷ್ಟು ಹೊತ್ತು. ಮಗಳು ಹುಟ್ಟುವುದಕ್ಕೂ ಮೊದಲಿನಿಂದ ನಡೆದು ಬಂದ ರೂಢಿ ಅದು. ಗಂಡ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಕೆಲಸದವನು. ಕಸುಬಿನ ಗುಣವೋ ಹುಟ್ಟುಗುಣವೋ, ತುಟಿ ಮುಚ್ಚುವ ಪೊದೆಮೀಸೆಯೊಳಗಿಂದಲೇ, ಪಕ್ಕದಲ್ಲಿ ಮಗು ಮಲಗಿದೆಯೇನೋ ಎಂಬಂತೆ ಮಾತಾಡುವ ಮನುಷ್ಯ. ಗುರುತಿಗೆಂದು ಪುಸ್ತಕದೊಳಗೆ ಬಾಚಣಿಗೆ ಇಟ್ಟು ವಾಪಸು ಕೊಟ್ಟವರು, ಕಥೆಯ ಕೊನೆಯ ಹಾಳೆ ಹರಿದುಕೊಂಡು ಹೋದವರು, ಎಲ್ಲರ ಸುದ್ದಿಯೂ ಅವನ ಹತ್ತಿರ ಇರುತ್ತಿತ್ತು. ಅವನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳುತ್ತಿದ್ದರೆ ಇವಳು ಬಿದ್ದು ಬಿದ್ದು ನಗುತ್ತಿದ್ದಳು. ಕುರ್ಚಿ ಬಂದ ಮೇಲೆ ಆ ಮೆಟ್ಟಿಲ ಮೇಲೆ ಕೂತರೂ ಮನಸ್ಸು ಎಲ್ಲೋ ಜಾರಿಹೋಗುತ್ತಿತ್ತು. ಅವನ ಮಾತು ದೂರದಲ್ಲಿ ಹರಿಯುವ ನೀರಿನಂತೆ ಬರುತ್ತಿತ್ತು, ಇವಳು ಹೂಂ, ಹೂಂ ಎನ್ನುತ್ತಾ ತೂಕಡಿಸುತ್ತಿದ್ದಳು.

ಮನೆಯವರೇನು ಸುಮ್ಮನೆ ಕೂರಲಿಲ್ಲ. ಪ್ರೀತಿಯಿದ್ದ ಕಡೆ ಉಪಚಾರಕ್ಕೆ ಬರವಿಲ್ಲವಲ್ಲ. ಗಂಡ ಮನೆಯಲ್ಲಿ ಕಟ್ಟಪ್ಪಣೆ ಮಾಡಿದ: ಅವಳಿಗೆ ವಿಶ್ರಾಂತಿ ಬೇಕು, ಯಾರೂ ಗಟ್ಟಿಯಾಗಿ ಮಾತಾಡಕೂಡದು. ಕಾಲೇಜಿಗೆ ಹೋಗುವ ಮಗಳು ರೇಡಿಯೋವನ್ನು ಗೆಳತಿಯ ಮನೆಗೆ ಸಾಗಿಸಿದಳು. ತಟ್ಟೆ ಲೋಟ ಇಡುವಾಗ ಕೆಳಗೊಂದು ಬಟ್ಟೆ. ಅಪ್ಪ ಮಗಳು ಊಟಕ್ಕೆ ಕೂತು ಪಿಸುಪಿಸು ಮಾತಾಡಿಕೊಳ್ಳುವುದನ್ನು ಯಾರಾದರೂ ನೋಡಿದ್ದರೆ ಕಳ್ಳತನಕ್ಕೆ ಹೊಂಚು ಹಾಕುತ್ತಿದ್ದಾರೆ ಎಂದುಕೊಳ್ಳಬೇಕು. ದೀಪವನ್ನೂ ಸಣ್ಣದು ಮಾಡಿದರು. ಅವರು ಹೀಗೆ ಮುತುವರ್ಜಿ ವಹಿಸಿದಷ್ಟೂ ಅವಳಿಗೆ ಮನೆಯೂ ಕೋಣೆಯಷ್ಟೇ ಭಾರವಾಗುತ್ತಾ ಬಂತು. ಇಷ್ಟು ಮಾಡಿದರೂ ನನಗೆ ಹುಷಾರಾಗುತ್ತಿಲ್ಲವಲ್ಲ ಎಂದು ಅವಳು ಒಳಗೊಳಗೇ ಕುಗ್ಗಿದಳು.

ಅಪ್ಪಣೆಗೆ ಬಗ್ಗದವಳು ಅತ್ತೆ ಒಬ್ಬಳೇ. ಮಗನಿಗೆ ಕೊಡಬೇಕಾಗಿದ್ದ ಧ್ವನಿಯನ್ನೂ ದೇವರು ಅಮ್ಮನಿಗೇ ಕೊಟ್ಟುಬಿಟ್ಟಿದ್ದ.

"ನನ್ನ ಮನೇಲಿ ಪಿಸುಗುಟ್ಟೋಕೆ ನಾನೇನು ಕದ್ದು ಬಂದಿದೀನಾ? ಒಂಬತ್ತು ಗಂಟೆ ಮಲಗ್ತಾಳೆ, ಆದ್ರೂ ಸುಸ್ತು ಅಂತಾಳೆ! ಕುರ್ಚಿ ಸಿಕ್ಕಿದ ಮೇಲೆ ಬೆನ್ನು ಬಗ್ಗಲ್ಲ, ಅಷ್ಟೇ!"

ಇದಕ್ಕೆ ಸೊಸೆ ತಕ್ಕ ಉತ್ತರ ಕೊಡುತ್ತಿದ್ದಳು. ಆಶ್ಚರ್ಯವೆಂದರೆ ಆ ಜಗಳದಲ್ಲಿ ಅವಳಿಗೆ ಸುಸ್ತೇ ಆಗುತ್ತಿರಲಿಲ್ಲ. ನನ್ನ ಮೇಲೆ ಕಿರುಚೋಕೆ ಮಾತ್ರ ಎಲ್ಲಿಂದ ಬರುತ್ತೋ ಶಕ್ತಿ ಎಂದು ಅತ್ತೆ ಮೂಗು ಮುರಿದರೆ, ಅದೂ ನಿಜ ಎಂದು ಇವಳಿಗೇ ನಾಚಿಕೆಯಾಗುತ್ತಿತ್ತು.

ವೈದ್ಯರು ರಕ್ತ ತೆಗೆದರು, ಎದೆ ನೋಡಿದರು, ಗಂಟಲ ಗ್ರಂಥಿ ಒತ್ತಿ ನೋಡಿದರು. ಎಲ್ಲವೂ ಸರಿಯಾಗಿತ್ತು. ಕಬ್ಬಿಣದ ಹಾಗಿದ್ದೀರಲ್ಲ ತಾಯಿ ಎಂದು ಶಕ್ತಿಯ ಮಾತ್ರೆ ಬರೆದುಕೊಟ್ಟರು. ಪರೀಕ್ಷೆಗೂ ಸಿಗದ ರೋಗ ಅಂದರೆ ಅದು ದೊಡ್ಡದೇ ಇರಬೇಕು ಎಂದು ಅವಳು ಲೆಕ್ಕ ಹಾಕಿದಳು. ಯಾರಿಗೂ ಹೇಳಲಿಲ್ಲ.

ಕೋಣೆಯಲ್ಲಿ ಅವಳ ದಿನ ಹೇಗೆ ಕಳೆಯುತ್ತಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಮ್ಯಾನೇಜರು ಒಳ್ಳೆಯ ಮನುಷ್ಯ, ಆದರೆ ಬಟ್ಟೆ ನೋಡುತ್ತಲೇ ಮಾತಾಡುವ ಚಾಳಿ. ಮಾತೆಲ್ಲ ಮೇಜಿಗೇ ಹೋಗುತ್ತಿತ್ತು. ಲೆಕ್ಕ ಬರೆಯುವ ಹುಡುಗಿ ಪೆನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಸುದ್ದಿ ಹೇಳುವಳು. ಇನ್ನೊಬ್ಬ ಬಾಗಿಲ ಹತ್ತಿರ ನಿಂತು, ಹೋಗುತ್ತಾ ಹೋಗುತ್ತಾ, ಬೆನ್ನು ಹಾಕಿ ಮಾತು ಮುಗಿಸುವವನು. ಇವರ ಮಾತಿನ ತುದಿ ಒಂದು, ನಡು ಒಂದು ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ಮುಖ ನೋಡಿ, ಹೀಗಂದಿರಬೇಕು ಎಂದು ಉಳಿದದ್ದನ್ನು ಅವಳು ಹೊಂದಿಸಿಕೊಳ್ಳುತ್ತಿದ್ದಳು. ಹೊಂದದಿದ್ದರೆ ಹೂಂ ಎಂದುಬಿಡುತ್ತಿದ್ದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗೆ. ಆಮೇಲೆ ಏನು ಹೇಳಿದರೋ ಏನೋ ಎಂದು ದಿಗಿಲು. ಇದು ಸರಿಯಲ್ಲ ಎಂದು ಅವಳಿಗೆ ಅನ್ನಿಸಲೇ ಇಲ್ಲ. ತಲೆ ಕೆಲಸ ಅಂದರೆ ಹೀಗೇ ಇರುತ್ತದೆ, ಓದಿದವರೆಲ್ಲ ದಿನಾ ಇಷ್ಟು ಕಷ್ಟಪಡುತ್ತಾರೆ ಪಾಪ ಎಂದು ಅವಳು ತಿಳಿದುಕೊಂಡಿದ್ದಳು.

ಹೀಗಿರುವಾಗ ಒಂದು ಸಂಜೆ ಗಂಡ ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದರು. ಬೆಳಕು ಆರುತ್ತಿತ್ತು. ಅವನು ಅಂಗಳದ ಕಡೆ ಮುಖ ಮಾಡಿ ಏನೋ ಹೇಳಿದ. ಹೇಳಿ ಮುಗಿಸಿ ಇವಳ ಕಡೆ ತಿರುಗಿ ನೋಡಿದ. ಉತ್ತರಕ್ಕೆ ಕಾಯುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು. ಇಡೀ ದಿನ ಮ್ಯಾನೇಜರಿಗೆ ಅಂದಂತೆಯೇ, ಮೆಲ್ಲಗೆ ನಕ್ಕು, ಹೂಂ ಅಂದಳು. ಅವನು ಅವಳನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಎದ್ದು ಒಳಗೆ ಹೋದ.

ಮರುದಿನ ಅವಳು ಕೇಳಿದಳು. "ನಿನ್ನೆ ಏನೋ ಅಂದ್ರಲ್ಲ. ನಿದ್ದೆಗಣ್ಣಲ್ಲಿದ್ದೆ, ಇನ್ನೊಂದ್ಸಲ ಹೇಳಿ."

"ಏನಿಲ್ಲ ಬಿಡು. ನೀನು ವಿಶ್ರಾಂತಿ ತಗೋ," ಎಂದ ಅವನು.

ಅಂದಿನಿಂದ ಅವನು ಮೆಟ್ಟಿಲಿಗೆ ಬರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಒಳಗೆ ಒಂದು ಪುಸ್ತಕ ಹಿಡಿದು ಕೂರುತ್ತಿದ್ದ. ಕೋಪವಿಲ್ಲ, ಜಗಳವಿಲ್ಲ, ಅನ್ನ ನೀರು ಎಲ್ಲ ಸರಿಯಾಗೇ ನಡೆಯುತ್ತಿತ್ತು. ಅವಳಿಗೆ ಅದೇ ಸಂಕಟ. ಜಗಳವಾದರೆ ಅತ್ತೆಯ ಜೊತೆ ಆಡಿ ಅಭ್ಯಾಸವಿತ್ತು, ಇದಕ್ಕೆ ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ. ಈ ಹಾಳು ಕುರ್ಚಿ ನನ್ನ ಸಂಜೆಯನ್ನು ತಿಂದು ಹಾಕಿತು ಎಂದು ಅವಳಿಗೆ ಖಾತ್ರಿಯಾಯಿತು. ಸುಸ್ತು ಹೋದರೆ ಗಂಡ ಮೆಟ್ಟಿಲಿಗೆ ಬರುತ್ತಾನೆ. ಕುರ್ಚಿ ಹೋದರೆ ಸುಸ್ತು ಹೋಗುತ್ತದೆ. ಅಷ್ಟು ಯೋಚಿಸಿ ಮ್ಯಾನೇಜರ ಮುಂದೆ ನಿಂತಳು.

"ಈ ತಿಂಗಳು ಮುಗಿದ ಮೇಲೆ ನನ್ನನ್ನ ಶೆಡ್ಡಿಗೇ ಕಳಿಸಿಬಿಡಿ."

ಮ್ಯಾನೇಜರು ಬಟ್ಟೆಯಿಂದ ತಲೆಯೆತ್ತಿ ಬೆರಗಾಗಿ ನೋಡಿದರು. "ಬಂದ ಭಾಗ್ಯಾನ ಕಾಲಲ್ಲಿ ಒದೀತಾರಾ? ಯೋಚನೆ ಮಾಡಿ," ಎಂದರು.

ಯೋಚನೆ ಮಾಡುವುದಕ್ಕಿಂತ ಒಂದು ಸಲ ಹೋಗಿ ನೋಡುವುದು ಮೇಲು ಎಂದು ಅವಳು ಒಂದು ಮಧ್ಯಾಹ್ನ ಶೆಡ್ಡಿಗೆ ಇಳಿದಳು. ಅವತ್ತು ಇಬ್ಬರು ನೇಕಾರರು ಬಂದಿರಲಿಲ್ಲ. ಬಾರೇ, ಬಾರೇ ಎಂದು ಕೈಬೀಸಿ ಕರೆದವಳು ಗುಂಡಕ್ಕ. ಗುಂಡಕ್ಕ ಹೆಸರಿಗಷ್ಟೇ ಗುಂಡಕ್ಕ, ನೋಡಿದರೆ ಕಡ್ಡಿ. ಇವಳು ಕೆಲಸಕ್ಕೆ ಸೇರಿದ ದಿನದಿಂದಲೂ ಪಕ್ಕದ ಮಗ್ಗದವಳು. ನಾಲ್ಕು ಮಗ್ಗದಮ್ಮ ಶೆಡ್ಡಿನ ಒಂದು ತುದಿಯ ಖಾಲಿ ಮಗ್ಗಗಳ ಮುಂದೆ ನಿಂತು ಸಂಜೆಯವರೆಗೆ ಕೆಲಸ ಮಾಡಿದಳು.

ಆ ಶೆಡ್ಡಿನಲ್ಲಿ ಬಾಯಿಂದ ಧ್ವನಿ ಹೊರಡಿಸಿ ಪ್ರಯೋಜನವಿಲ್ಲ. ಕಿವಿಯ ಹತ್ತಿರ ಬಂದು ಕಿರುಚಿದರೂ ಕೇಳಿಸದು. ಅದಕ್ಕೇ ಅಲ್ಲಿನವರು ಧ್ವನಿಯನ್ನು ಬಿಟ್ಟು, ತುಟಿಗಳನ್ನು ಅಗಲಿಸಿ, ಕುಗ್ಗಿಸಿ, ಒಂದೊಂದು ಅಕ್ಷರಕ್ಕೂ ಬಾಯಿಗೆ ಒಂದೊಂದು ಆಕಾರ ಕೊಟ್ಟು ಮಾತಾಡುತ್ತಾರೆ. ಜೊತೆಗೆ ಕೈ, ಹುಬ್ಬು, ಕತ್ತು. ಹೊಸಬರಿಗೆ ಇದು ಹುಚ್ಚರ ಸಂತೆಯಂತೆ ಕಾಣುತ್ತದೆ. ಕಲಿತ ಮೇಲೆ ನಾಲ್ಕು ಮಗ್ಗದಾಚೆ ನಿಂತವಳು ಸೊಸೆಯ ಮೇಲೆ ಹೇಳುವ ದೂರನ್ನೂ ಪೂರ್ತಿ ಕೇಳಬಹುದು. ಗುಂಡಕ್ಕ ಆ ದಿನ ಶೆಡ್ಡಿನ ಇನ್ನೊಂದು ತುದಿಯಿಂದ, ಇಷ್ಟು ದಿನದ ಸುದ್ದಿಯನ್ನೆಲ್ಲ ಒಪ್ಪಿಸಿದಳು. ಯಾರು ಯಾರ ಜೊತೆ ಮಾತು ಬಿಟ್ಟರು, ಯಾರ ಮಗ್ಗಕ್ಕೆ ದೆವ್ವ ಹಿಡಿದಿದೆ, ಯಾರ ಗಂಡ ತಲೆಗೆ ಬಣ್ಣ ಹಚ್ಚಲು ಹೋಗಿ ಕಿವಿಗೆ ಹಚ್ಚಿಕೊಂಡ. ನಾಲ್ಕು ಮಗ್ಗದಮ್ಮ ಹೊಟ್ಟೆ ಹಿಡಿದು ನಕ್ಕಳು. ಗಂಟೆ ಹೊಡೆದಾಗ ಕಾಲು ನೋಯುತ್ತಿತ್ತು, ರವಿಕೆ ಬೆವರಿಗೆ ಒದ್ದೆಯಾಗಿತ್ತು, ಆದರೆ ಸುಸ್ತು ಮಾತ್ರ ಇರಲಿಲ್ಲ. ತಲೆ ತಿಳಿನೀರಿನ ಹಾಗಿತ್ತು.

ಮಗ್ಗಗಳು ಒಂದೊಂದಾಗಿ ನಿಂತವು. ಗುಂಡಕ್ಕ ನಲ್ಲಿಯ ಮುಂದೆ ಬಗ್ಗಿ ಕೈ ತೊಳೆಯುತ್ತಿದ್ದಳು. ಹಿಂದೆ ನಿಂತ ನಾಲ್ಕು ಮಗ್ಗದಮ್ಮ ತನ್ನ ಸರದಿ ಕಾಯುತ್ತಾ, ಖುಷಿಯಲ್ಲಿ ಹೇಳುತ್ತಲೇ ಇದ್ದಳು: "ನೋಡೇ, ನಿಂತು ದುಡಿದರೂ ಸುಸ್ತಿಲ್ಲ. ನಾನು ಇಲ್ಲಿಗೇ ಸರಿ. ವಾಪಸ್ಸು ಬರ್ತೀನಿ."

ಸ್ವಲ್ಪ ಹೊತ್ತಿಗೆ ಗುಂಡಕ್ಕ ನಲ್ಲಿ ನಿಲ್ಲಿಸಿ ತಿರುಗಿದಳು. ಒದ್ದೆ ಕೈಯನ್ನು ಗಾಳಿಯಲ್ಲೇ ಹಿಡಿದು ಇವಳ ಮುಖವನ್ನು ನೋಡಿದಳು.

"ಕಣ್ಣು ಮುಚ್ಚು ನೋಡೋಣ."

"ಯಾಕೆ, ಏನಾದ್ರೂ ಕೊಡ್ತೀಯಾ?"

"ಮುಚ್ಚೇ ಮೊದಲು."

ಅವಳು ಕಣ್ಣು ಮುಚ್ಚಿ, ನಗುತ್ತಾ ಕಾದಳು. ಕಿವಿಯೊಳಗೆ ಮಗ್ಗದ ಗುಂಯ್‌ಗುಡುವಿಕೆ ಇನ್ನೂ ಇತ್ತು. ಕಾದಳು, ಇನ್ನೂ ಕಾದಳು. ಕೊನೆಗೆ ಬೇಸರವಾಗಿ ಕಣ್ಣು ಬಿಟ್ಟಳು.

"ಏನು, ಹೇಳೋದಾದ್ರೆ ಹೇಳು ಮತ್ತೆ."

ಗುಂಡಕ್ಕ ನಗುತ್ತಿರಲಿಲ್ಲ. "ಹೇಳಿ ಆಯ್ತು ಕಣೆ. ಎರಡು ಸಲ ಹೇಳಿದೆ. ಕೈ ತೊಳೀತಾ ಕೇಳಿದ್ದೂ ನಿನಗೆ ಕೇಳಿಸಲಿಲ್ಲ."

ನಾಲ್ಕು ಮಗ್ಗದಮ್ಮನಿಗೆ ಕೆಟ್ಟ ಕೋಪ ಬಂತು. "ನನಗೆ ಚೆನ್ನಾಗಿ ಕೇಳುತ್ತೆ! ನಮ್ಮತ್ತೆ ಬೈಯೋದು ಒಂದಕ್ಷರ ಬಿಡದೆ ಕೇಳುತ್ತೆ!"

"ನಿಮ್ಮತ್ತೆ ಬೈಯೋದು ನಮ್ಮನೆಗೂ ಕೇಳುತ್ತೆ," ಎಂದಳು ಗುಂಡಕ್ಕ. ಆಮೇಲೆ ಅವಳ ಭುಜ ಹಿಡಿದು, ಶೆಡ್ಡಿನ ರೀತಿಯಲ್ಲೇ ತುಟಿಯನ್ನು ಬಿಡಿಸಿ ಬಿಡಿಸಿ ಹೇಳಿದಳು. "ನನ್ನದೂ ಒಂದು ಕಿವಿ ಹೋಗಿದೆ. ಇಲ್ಲಿ ಈ ಗದ್ದಲದಲ್ಲಿ ಎಲ್ಲರೂ ಕಿವುಡರೇ, ಯಾರದು ನಿಜವಾಗಿ ಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ. ನೀನು ಅಲ್ಲಿ ಮೇಲೆ ಕೂತು ಬಾಯಿ ಬಿಡದೆ ಮಾತಾಡೋರ ಮಾತನ್ನ ಕಣ್ಣಲ್ಲಿ ಹೆಕ್ಕುತಾ ಇದೀಯ. ಸುಸ್ತಾಗದೆ ಇನ್ನೇನಾಗುತ್ತೆ?"

ಅವಳು ಭುಜ ಕೊಡವಿಕೊಂಡು ಹೊರಟುಬಂದಳು. ದಾರಿಯುದ್ದಕ್ಕೂ ಗುಂಡಕ್ಕನನ್ನು ಬೈದುಕೊಂಡಳು. ಮನೆಯ ತಿರುವಿನಲ್ಲಿ ಒಂದು ಸೈಕಲ್ಲು ಅವಳ ಮೊಣಕೈ ಸವರಿಕೊಂಡು ಹೋಯಿತು. ಸವಾರ ತಿರುಗಿ ನೋಡಿ ಗಂಟೆಯನ್ನು ತೋರಿಸಿ ಏನೋ ಅಂದ. ಅವನು ಗಂಟೆ ಬಾರಿಸಿದ್ದ ಎಂದು ಆಗ ಅವಳಿಗೆ ಹೊಳೆಯಿತು. ಬೈಗುಳ ನಿಂತಿತು.

ಮರುದಿನ ಬೆಳಿಗ್ಗೆಯೇ ಯಾರಿಗೂ ಹೇಳದೆ ಕಿವಿಯ ವೈದ್ಯೆಯ ಹತ್ತಿರ ಹೋದಳು. ಸಣ್ಣ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಅವಳು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ವೈದ್ಯೆ ಆಮೇಲೆ ಅವಳ ಎದುರಿಗೆ ಕೂತು, ಮುಖ ಕೊಟ್ಟು ಮಾತಾಡಿದಳು. ಕಿವಿ ಅರ್ಧಕ್ಕಿಂತ ಹೆಚ್ಚು ಹೋಗಿದೆ, ಹೋದದ್ದು ಬರುವುದಿಲ್ಲ, ಶೆಡ್ಡಿಗೆ ವಾಪಸು ಹೋದರೆ ಉಳಿದದ್ದೂ ಹೋಗುತ್ತದೆ. ಕಿವಿಗೆ ಯಂತ್ರ ಹಾಕಿಕೊಳ್ಳಬಹುದು, ಅದು ಬರಲು ಕೆಲವು ವಾರ ಬೇಕು.

"ಹಾಗಾದ್ರೆ ಈ ಸುಸ್ತು?"

"ಕಿವಿ ಮಾಡಬೇಕಾದ ಕೆಲಸಾನ ನಿಮ್ಮ ಕಣ್ಣು, ತಲೆ ಮಾಡ್ತಾ ಇವೆ. ರಾತ್ರಿ ಎಷ್ಟು ಮಲಗಿದ್ರೂ ಬೆಳಿಗ್ಗೆ ಎದ್ದು ಅದೇ ದುಡಿತ ತಾನೆ?"

ಅವಳು ಯೋಚಿಸಿ ಕೇಳಿದಳು. "ನಮ್ಮ ಕೋಣೇಲಿ ಉಳಿದವರಿಗೆ ಹೀಗೆ ತಲೆ ನೋಯಲ್ವಾ? ಅವರು ಹೇಗೆ ಕೇಳಿಸ್ಕೋತಾರೆ?"

"ಅವರಿಗೆ ಸುಮ್ಮನೆ ಕೇಳಿಸುತ್ತೆ."

"ಸುಮ್ಮನೇನಾ?"

"ಸುಮ್ಮನೆ."

ಅವಳಿಗೆ ಅಳು ಬಂತು. ಸಾಯುವುದಿಲ್ಲ ಎಂಬ ಸಮಾಧಾನ ಒಂದು ಕಡೆ. ಇಷ್ಟು ದಿನ ಎಲ್ಲರೂ ಕೂತು ತಿಂದ ಊಟವನ್ನು ತಾನೊಬ್ಬಳು ಹೊಲದಲ್ಲಿ ಬೆಳೆದು ತಿಂದೆನಲ್ಲ ಎಂಬ ಸಿಟ್ಟು ಇನ್ನೊಂದು ಕಡೆ. ವೈದ್ಯೆ ನೀರು ತಂದಿಟ್ಟಳು.

ಅಲ್ಲಿಂದ ನೇರ ಗಿರಣಿಗೆ ಹೋದಳು. ಹೇಳುವುದಾದರೆ ಈಗಲೇ, ನಾಳೆಗೆ ಧೈರ್ಯ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕೋಣೆಯ ನಡುವೆ ನಿಂತು ಹೇಳಿದಳು.

"ನನಗೆ ಕಿವಿ ಸರಿಯಾಗಿ ಕೇಳಿಸಲ್ಲ. ಕಿರುಚಬೇಡಿ, ಮುಖ ತೋರಿಸಿ ಮಾತಾಡಿ, ಅಷ್ಟು ಸಾಕು. ನೀನು, ಆ ಪೆನ್ನು ಬಾಯಿಂದ ತೆಗಿ."

ಮ್ಯಾನೇಜರು ಬಟ್ಟೆ ಬಿಟ್ಟು ಎದ್ದು ಬಂದು ಎದುರಿಗೆ ನಿಂತರು. "ಹಾಗಾದ್ರೆ ಶೆಡ್ಡಿಗೆ ಹೋಗ್ತೀನಿ ಅಂದಿದ್ದು?"

"ಅದನ್ನ ಮರೆತುಬಿಡಿ."

"ನನಗೆ ಕೇಳಿಸ್ಲೇ ಇಲ್ಲ ಬಿಡಿ," ಎಂದುಬಿಟ್ಟರು ಮ್ಯಾನೇಜರು. ಅಂದ ಮೇಲೆ ಏನು ಅಂದೆ ಎಂದು ಹೊಳೆದು ಮುಖ ಕೆಂಪಾಯಿತು. ಮೊದಲು ನಕ್ಕವಳು ಅವಳೇ. ಸಂಜೆಯೊಳಗೆ ಅವರು ಮತ್ತೆ ಬಟ್ಟೆಯ ಜೊತೆ ಮಾತಾಡತೊಡಗಿದ್ದರು. ಅವಳು ಮೇಜು ತಟ್ಟಿ ನೆನಪಿಸಿದಳು. ಇದನ್ನು ದಿನಾ ಮಾಡಬೇಕಾಗುತ್ತದೆ ಎಂದು ಅವಳಿಗೆ ಅರ್ಥವಾಯಿತು. ಆದರೂ ಮನೆಗೆ ಬರುವಾಗ ಚಪ್ಪಲಿಯನ್ನು ಬಿಡುವ ಶಕ್ತಿ ಇತ್ತು.

ಮನೆಯಲ್ಲಿ ಹೇಳಿದಾಗ ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು, ತಕ್ಷಣ ಹೆದರಿ ಕೈ ತೆಗೆದಳು. "ಅಯ್ಯೋ ಅಮ್ಮ, ನಾವು ಇಷ್ಟು ದಿನ ಪಿಸುಗುಟ್ಟಿದ್ದು!" ಎಂದು ನಕ್ಕಳು, ನಗುತ್ತಾ ಅತ್ತಳು.

ಅತ್ತೆಗೆ ಗೆದ್ದ ಸಂಭ್ರಮ. "ನಾನು ಬಡ್ಕೊಂಡೆ, ಗಂಟಲು ಬಿಚ್ಚಿ ಮಾತಾಡ್ರೋ ಅಂತ. ಈ ಮನೇಲಿ ಅವಳಿಗೆ ಆರೈಕೆ ಮಾಡಿದ್ದು ನಾನೊಬ್ಳೇ!"

ಗಂಡ ನಗಲಿಲ್ಲ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಹೊರಗೆ ಬಂದಾಗ ಅವನ ಪೊದೆಮೀಸೆ ಇರಲಿಲ್ಲ. ಮೇಲ್ದುಟಿಯ ಮೇಲೆ ಬ್ಲೇಡು ತಾಗಿ ಒಂದು ಚುಕ್ಕೆ ರಕ್ತ. ಆ ಮುಖವನ್ನು ಮಗಳು ಹುಟ್ಟಿದಾಗಿನಿಂದ ನೋಡಿರಲಿಲ್ಲ; ಅತ್ತೆ ನನ್ನ ಕೂಸೇ ಎಂದು ಕೂಗಿದಳು. ಅವನು ಮೆಟ್ಟಿಲ ಕಡೆಯ ದೀಪ ಹಾಕಿ, ಹೋಗಿ ಕೂತ. ಅವಳೂ ಹೋಗಿ ಕೂತಳು. ಈ ಸಲ ಪಕ್ಕದಲ್ಲಲ್ಲ, ಎರಡು ಮೆಟ್ಟಿಲು ಕೆಳಗೆ, ಅವನಿಗೆ ಎದುರಾಗಿ.

"ಆವತ್ತು ಏನು ಕೇಳಿದ್ರಿ?" ಎಂದಳು.

"ಯಾವತ್ತು?"

"ಎದ್ದು ಒಳಗೆ ಹೋದ್ರಲ್ಲ, ಆವತ್ತು."

"ಈಗ ಯಾಕೆ ಅದು, ಬಿಡು."

"ಬಿಡಲ್ಲ. ಮುಖ ಈ ಕಡೆ ಮಾಡಿ ಹೇಳಿ."

ಅವನು ಮುಖವೆತ್ತಿ, ಒಂದೊಂದೇ ಮಾತಾಗಿ ಹೇಳಿದ.

"ನಿನಗೆ ನಾನು ಸಾಕಾಗಿಹೋದೆನಾ ಅಂತ ಕೇಳಿದೆ."

ಅವಳಿಗೆ ಪೂರ್ತಿ ತಿಳಿಯಿತು. ಒಂದು ಅಕ್ಷರವನ್ನೂ ಊಹಿಸಬೇಕಾಗಲಿಲ್ಲ.

"ನಾನೇನಂದೆ?"

"ಹೂಂ ಅಂದೆ. ನಕ್ಕು ಹೂಂ ಅಂದೆ."

ಅದನ್ನು ಎದೆಯಲ್ಲಿಟ್ಟುಕೊಂಡೇ ಈ ಮನುಷ್ಯ ತನಗೆ ದಿನಾ ಹಾಸಿಗೆ ಹಾಸಿಕೊಟ್ಟಿದ್ದಾನೆ, ಮಾತ್ರೆ ಎಣಿಸಿ ಕೊಟ್ಟಿದ್ದಾನೆ, ಮನೆಯವರ ಬಾಯಿಗೆ ಬೀಗ ಹಾಕಿ ತನ್ನ ನಿದ್ದೆ ಕಾದಿದ್ದಾನೆ. ಅವಳು ಅವನ ಎರಡೂ ಕೈ ಹಿಡಿದುಕೊಂಡಳು.

"ಇಲ್ಲ ಕಣ್ರೀ! ಇಲ್ಲ! ನೀವು ನನಗೆ ಯಾವತ್ತೂ ಸಾಕಾಗಿಹೋಗಿಲ್ಲ!"

ತಾನು ಎಷ್ಟು ಗಟ್ಟಿಯಾಗಿ ಕೂಗಿದೆ ಎಂದು ಅವಳಿಗೆ ಗೊತ್ತಾಗಲಿಲ್ಲ. ಒಳಗಿಂದ ಅತ್ತೆ ಏನಾಯ್ತೇ ಎಂದು ಕಿರುಚಿದಳು. ಪಕ್ಕದ ಮನೆಯ ಕಿಟಕಿ ತೆರೆಯಿತು, ಎದುರಿನ ಮನೆಯವರು ಅಂಗಳಕ್ಕೆ ಬಂದು ನಿಂತರು. ಗಂಡ ಅವರನ್ನೆಲ್ಲ ಒಂದು ಸಲ ನೋಡಿದ. ಮೆಲ್ಲಗೆ ಮಾತಾಡು ಎಂದು ಅವಳಿಗೆ ಹೇಳಲಿಲ್ಲ.